ಮಂಚದ ಕೆಳಗಿನ ಅಲಗು

1988ರಲ್ಲಿ ನಾನು ಕೊಯಮತ್ತೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರರೋಗ ತಜ್ಞನಾಗಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ನರ್ಸ್‌ಗಳೂ ಒಂದೇ ಬಾಯಲ್ಲಿ ಹೇಳುತ್ತಿದ್ದರು. ಇದ್ದಿರಬಹುದು. ಎಷ್ಟೋ ಕೋಪಗಳು ಸಂಜೆಯ ಕಾಫಿಯೊಂದಿಗೆ ಇಳಿದುಹೋಗಿವೆ. ಈ ಒಂದು ಮಾತ್ರ ನಿವೃತ್ತನಾದ ಮೇಲೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಹತ್ತಿರದ ಸೋಮನೂರಿನಿಂದ ಮೂವರು ಬಂದಿದ್ದರು. ರೋಗಿ ನಂಜಪ್ಪನ್, ಅರವತ್ತು ದಾಟಿದವರು, ಮನೆಯ ಪಕ್ಕದ ಶೆಡ್ಡಿನಲ್ಲಿ ಪವರ್‌ಲೂಮ್ ಓಡಿಸಿಕೊಂಡಿದ್ದವರು. ಅವರ ಅಣ್ಣ ಕುಪ್ಪುಸಾಮಿ, ಊರಿನಲ್ಲಿ ನಮ್ಮ ನೇಕಾರ ಜನರ ಪಂಚಾಯ್ತಿಗೆ ಹಿರಿಯರು. ನಂಜಪ್ಪನ ಹೆಂಡತಿ ಸರಸಮ್ಮನ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿತ್ತು, ಕಣ್ಣ ಸುತ್ತ ಹಳೆಯ ಏಟಿನ ಹಳದಿ ಕಲೆ. ಪ್ಲಾಸ್ಟರ್ ಹಾಕಿದ ಮೂಳೆ ವೈದ್ಯರಿಗೆ ಏನೋ ಅನುಮಾನ ಬಂದು, ಗಂಡನನ್ನು ನನಗೆ ತೋರಿಸಿ ಎಂದು ಕಳಿಸಿದ್ದರು. ನಮ್ಮ ಮನೆಯಲ್ಲೂ ಈ ಮೂವರದೇ ಕನ್ನಡ, ಅರ್ಧ ತಮಿಳು ಬೆರೆತದ್ದು. ನಾನು ಕನ್ನಡದ ಅಕ್ಷರ ಕಲಿತದ್ದು ಮಾತ್ರ ಮೈಸೂರಿನಲ್ಲಿ ವೈದ್ಯಕೀಯ ಓದುವಾಗ. ಹೀಗಾಗಿ ತಮಿಳು ಬಿಟ್ಟು ಮನೆಮಾತಿನಲ್ಲೇ ಮಾತು ಶುರುವಾಯಿತು.

ಮಾತಾಡಿದ್ದೆಲ್ಲ ಕುಪ್ಪುಸಾಮಿಯವರೇ. ತಮ್ಮ ಒಂದು ವರ್ಷದಿಂದ ನಿದ್ದೆಯಲ್ಲಿ ಹೆಂಡತಿಯನ್ನು ಹೊಡೆಯುತ್ತಾನೆ. ಹಗಲಿನಲ್ಲಿ ಇರುವೆಯನ್ನೂ ನೋಯಿಸದ ಮನುಷ್ಯ, ಕುಡಿತವಿಲ್ಲ, ಜಗಳವಿಲ್ಲ. ಕಾರಣವೂ ಅವರಿಗೆ ಗೊತ್ತಿತ್ತು. ನಮ್ಮ ನೇಕಾರ ಕುಲದಲ್ಲಿ ದೇವಿಯ ಹಬ್ಬಕ್ಕೆ ಗಂಡಸರು ಅಲಗು ಸೇವೆ ಮಾಡುತ್ತಾರೆ. ಅಲಗು ಎಂದರೆ ಕತ್ತಿ. ಅದನ್ನು ಎದೆಗೆ ಬಡಿದುಕೊಳ್ಳುತ್ತಾ ದೇವಿಯನ್ನು ಕರೆದುತರುವ ಸೇವೆ. ನನ್ನ ದೊಡ್ಡಪ್ಪ ಮಾಡಿದ್ದನ್ನು ಕಂಡವನು ನಾನು, ಅದರ ಮೇಲೆ ನನಗೆ ಅಗೌರವವಿಲ್ಲ. ನಂಜಪ್ಪನ್ ಹರೆಯದಲ್ಲಿ ಆ ಸೇವೆ ಮಾಡುತ್ತಿದ್ದರು, ಮದುವೆಯಾದ ಮೇಲೆ ಬಿಟ್ಟರು. ಹಾಗಾಗಿ ದೇವಿ ಈಗ ನಿದ್ದೆಯಲ್ಲಿ ಬಂದು ಸೇವೆ ತೆಗೆದುಕೊಳ್ಳುತ್ತಿದ್ದಾಳೆ ಎಂಬುದು ಹಿರಿಯರ ತೀರ್ಮಾನ. ಬಿಡಿಸಿದವಳು ಹೆಂಡತಿಯೇ ಇರಬೇಕು, ಅದಕ್ಕೇ ಏಟು ಅವಳಿಗೆ ಬೀಳುತ್ತಿದೆ ಎಂಬುದು ಬಂಧುಗಳ ತೀರ್ಮಾನ.

ಊರಿನ ಡಾಕ್ಟರಿಗೂ ತೋರಿಸಿದ್ದರು. ಆತ ಖಿನ್ನತೆ ಎಂದು ಹೆಸರಿಟ್ಟು ಇಮಿಪ್ರಮೀನ್ ಎಂಬ ಮಾತ್ರೆ ಕೊಟ್ಟಿದ್ದ. ಹೊಡೆತ ಹೆಚ್ಚಾಯಿತು ಎಂದಾಗಲೆಲ್ಲ ಡೋಸ್ ಏರಿಸಿದ್ದ.

ಅಣ್ಣತಮ್ಮಂದಿರನ್ನು ಹೊರಗೆ ಕಳಿಸಿ ಸರಸಮ್ಮನನ್ನು ಕೇಳಿದೆ. ಆ ಒಂದು ವರ್ಷದಲ್ಲಿ ಆಕೆಯನ್ನು ಯಾವ ವೈದ್ಯನೂ ಏನನ್ನೂ ಕೇಳಿರಲಿಲ್ಲ. ಆಕೆ ತಲೆ ತಗ್ಗಿಸಿಕೊಂಡೇ ಹೇಳಿದರು: "ಕಣ್ಣು ಮುಚ್ಚೇ ಇರ್ತದೆ ತಂಬಿ. ಬೆಳಗಾಗೋಕೆ ಮುಂಚೆ ಕೈ ಬೀಸ್ತಾರೆ, ಒದೀತಾರೆ, ಕೂಗ್ತಾರೆ. ತಟ್ಟಿ ಎಬ್ಬಿಸಿದ್ರೆ ಉಡನೆ ಎದ್ದು, ತರಿ ಶೆಡ್ಡಿಗೆ ನಾಯಿ ನುಗ್ತು, ಓಡಿಸ್ತಾ ಇದ್ದೆ ಅಂತಾರೆ. ಆಮೇಲೆ ನನ್ನ ಮುಖ ನೋಡಿ ಅಳ್ತಾರೆ, ಪಾವಂ." ಉಡನೆ ಎಂದರೆ ತಕ್ಷಣ, ತರಿ ಎಂದರೆ ಮಗ್ಗ, ಪಾವಂ ಎಂದರೆ ಪಾಪ.

ಬೇರೆ ಮಲಗಬಾರದೇ ಎಂದೆ. ಆಗ ಹೊರಬಿತ್ತು ನೋಡಿ. ದೇವಿಯ ಶಾಂತಿಗೆಂದು ಹಿರಿಯರು ಒಂದು ಮಂಡಲದ, ಅಂದರೆ ನಲವತ್ತೆಂಟು ದಿನದ, ವ್ರತ ಹೇಳಿದ್ದರು. ಪೂಜೆ ಕೋಣೆಯ ಅಲಗು ನಂಜಪ್ಪನ ಮಂಚದ ಕೆಳಗಿರಬೇಕು. ಹೆಂಡತಿ ಪಕ್ಕ ಬಿಟ್ಟು ಏಳಬಾರದು. ಎದ್ದುಹೋದರೆ ದೇವಿಯನ್ನು ಬಿಟ್ಟು ಓಡಿದ ಹಾಗೆ, ಮನೆತನಕ್ಕೇ ಕೇಡು. ಕನಸಿನಲ್ಲಿ ನಾಯಿ ಹೊಡೆಯುವ ಮನುಷ್ಯನ ಕೈಗೆ ಎಟುಕುವಂತೆ ಕತ್ತಿ ಇಟ್ಟು, ಆ ನಾಯಿಯ ಜಾಗದಲ್ಲಿ ಈ ಹೆಂಗಸನ್ನು ಮಲಗಿಸಿದ್ದರು. ಕೇಳಿ ನನ್ನ ಮೈ ಉರಿದುಹೋಯಿತು.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳಬೇಕು. ನಾವು ಹೆಚ್ಚಿನ ಕನಸುಗಳನ್ನು ಕಾಣುವುದು ರೆಮ್ ಎಂಬ ಹಂತದ ನಿದ್ದೆಯಲ್ಲಿ. ಆಗ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರ ಓಡುತ್ತದೆ, ಮಿದುಳು ಎಚ್ಚರದಲ್ಲಿರುವಷ್ಟೇ ಚುರುಕಾಗಿರುತ್ತದೆ. ಅದೇ ಹೊತ್ತಿಗೆ ಮಿದುಳುಕಾಂಡ ಕೈಕಾಲುಗಳ ಸ್ನಾಯುಗಳಿಗೆ ಬ್ರೇಕ್ ಹಾಕಿರುತ್ತದೆ. ಅದಿಲ್ಲದಿದ್ದರೆ ಕನಸಿನಲ್ಲಿ ಓಡಿದವರೆಲ್ಲ ಗೋಡೆಗೆ ಹಣೆ ಬಡಿದುಕೊಳ್ಳುತ್ತಿದ್ದೆವು. ಬೆಕ್ಕುಗಳಲ್ಲಿ ಮಿದುಳುಕಾಂಡದ ಆ ಭಾಗ ಕೆಡಿಸಿದಾಗ ಅವು ನಿದ್ದೆಯಲ್ಲೇ ಎದ್ದು ಕಾಣದ ಇಲಿಯ ಮೇಲೆ ಹಾರಿದ್ದವು. ಮನುಷ್ಯರಲ್ಲೂ, ಅದರಲ್ಲೂ ವಯಸ್ಸಾದ ಗಂಡಸರಲ್ಲಿ, ಈ ಬ್ರೇಕ್ ಸಡಿಲವಾಗುತ್ತದೆಂದು ಅಮೆರಿಕದ ವೈದ್ಯರು ಹೆಸರಿಟ್ಟು ಬರೆದು ಆಗಿನ್ನೂ ಎರಡು ವರ್ಷ. ರೆಮ್ ನಿದ್ದೆ ಹೆಚ್ಚು ಬರುವುದು ಬೆಳಗಿನ ಜಾವಕ್ಕೆ, ಹೊಡೆತವೂ ಆಗಲೇ. ಇನ್ನು ಇಮಿಪ್ರಮೀನ್ ಗುಂಪಿನ ಔಷಧಗಳು ಇದೇ ಬ್ರೇಕನ್ನು ಮತ್ತಷ್ಟು ಸಡಿಲಿಸಬಲ್ಲವು. ಊರಿನ ಡಾಕ್ಟರ್ ವರ್ಷವಿಡೀ ಬೆಂಕಿಗೆ ತುಪ್ಪ ಸುರಿದಿದ್ದ.

ಮೂವರನ್ನೂ ಕೂರಿಸಿಕೊಂಡು ಹೇಳಿದೆ: ಮಾತ್ರೆ ನಿಲ್ಲಬೇಕು, ಕತ್ತಿ ಪೂಜೆ ಕೋಣೆಗೆ ಹೋಗಬೇಕು, ಸರಸಮ್ಮ ಬೇರೆ ಕೋಣೆಯಲ್ಲಿ ಮಲಗಬೇಕು, ನಂಜಪ್ಪನ್ ಪರೀಕ್ಷೆಗೆ ಇವತ್ತೇ ದಾಖಲಾಗಬೇಕು. ಕುಪ್ಪುಸಾಮಿ ಶಾಂತವಾಗಿ ನಕ್ಕರು. "ನೀನೂ ನಮ್ಮ ಪಿಳ್ಳೆನೇ. ಓದಿ ಕೆಟ್ಟೋದೆ. ಮಂಡಲ ಮುಗೀಲಿ, ನೋಡಿಕೊಳ್ಳೋಣ," ಎಂದು ತಮ್ಮನನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟರು. ಊರಿನ ಡಾಕ್ಟರಿಗೆ ಫೋನ್ ಮಾಡಿದೆ. ಆತ ನನ್ನ ಮಾತನ್ನು ಪೂರ್ತಿ ಕೇಳಲೂ ಇಲ್ಲ. "ಇಷ್ಟು ಡೋಸಿಗೂ ನಿಂತಿಲ್ಲ ಅಂದ್ರೆ ಇನ್ನೂ ಕೊಡಬೇಕು ಅಂತ ಅರ್ಥ ಸಾರ್," ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಹಿರಿಯರು ಹೇಳಿದ್ದನ್ನು ಬರೆದುಕೊಂಡ, ಮಾತ್ರೆ ಬರೆದ, ಮುಗಿಯಿತು.

ಒಂದು ವಾರವೂ ಆಗಿರಲಿಲ್ಲ. ಬೆಳಿಗ್ಗೆ ನಾನು ಆಸ್ಪತ್ರೆಗೆ ಬರುವಷ್ಟರಲ್ಲಿ ಸರಸಮ್ಮನನ್ನು ಆಪರೇಷನ್ ಥಿಯೇಟರಿಗೆ ತೆಗೆದುಕೊಂಡು ಹೋಗಿದ್ದರು. ನಿದ್ದೆಯಲ್ಲಿ ನಂಜಪ್ಪನ್ ಮಂಚದಿಂದ ಉರುಳಿ ಬಿದ್ದಿದ್ದರು. ತಡಕಾಡಿದ ಕೈಗೆ ಅಲಗು ಸಿಕ್ಕಿತ್ತು. ಕುತ್ತಿಗೆಗೆ ಬರುತ್ತಿದ್ದ ಅಲಗನ್ನು ಆಕೆ ಪ್ಲಾಸ್ಟರಿಲ್ಲದ ಕೈಯಲ್ಲಿ ಹಿಡಿದುಕೊಂಡಿದ್ದರು. ಎರಡು ಬೆರಳುಗಳ ಸ್ನಾಯುರಜ್ಜು ತುಂಡಾಗಿತ್ತು.

ನಂಜಪ್ಪನ್ ವರಾಂಡದ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ನನ್ನನ್ನು ಕಂಡು, "ನಾನಾ ಮಾಡಿದ್ದು ತಂಬಿ? ನಾನು ನಾಯಿನ ಓಡಿಸ್ತಾ ಇದ್ದೆ," ಎಂದರು. ಉತ್ತರ ಕೊಡುವ ಮೊದಲೇ ಕುಪ್ಪುಸಾಮಿ ನನ್ನ ಹೆಗಲ ಮೇಲೆ ಕೈಯಿಟ್ಟು, "ದೇವಿ ರಕ್ತ ತಗೊಂಡ್ಳು. ಇನ್ನು ಶಾಂತಿಯಾಗ್ತಾಳೆ," ಎಂದರು.

ಅವರ ಕೈಯನ್ನು ಹೆಗಲಿಂದ ಎತ್ತಿ ಕೆಳಗಿಟ್ಟೆ. "ಅಯ್ಯಾ, ಇದಕ್ಕೆ ದೇವಿಯನ್ನು ಎಳೀಬೇಡಿ. ಕತ್ತಿ ಇಟ್ಟವರು ನೀವು, ಸರಸಮ್ಮನನ್ನು ಅಲ್ಲಿ ಮಲಗಿಸಿದವರೂ ನೀವು. ಸತ್ತಿದ್ದರೆ ಜೈಲಿಗೆ ಹೋಗೋವನು ನಿಮ್ಮ ತಮ್ಮ. ಇನ್ನು ಈ ವಾರ್ಡಿಗೆ ಕಾಲಿಟ್ಟರೆ ನಾನೇ ಪೊಲೀಸಿಗೆ ಹೇಳ್ತೀನಿ." ಹಿರಿಯರೊಬ್ಬರ ಜೊತೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಸುದ್ದಿ ನಮ್ಮ ಮನೆಗೂ ಮುಟ್ಟಿತು, ನನ್ನ ತಾಯಿ ತಿಂಗಳುಗಟ್ಟಲೆ ಮುನಿಸಿಕೊಂಡಿದ್ದರು. ಇವತ್ತಿಗೂ ನನಗೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲ.

ನಂಜಪ್ಪನನ್ನು ದಾಖಲು ಮಾಡಿ ಇಮಿಪ್ರಮೀನನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದೆ. ಮಿದುಳಿನ ಅಲೆ ದಾಖಲಿಸುವ ಇಇಜಿ ಯಂತ್ರಕ್ಕೆ ಗದ್ದದ ಸ್ನಾಯುವಿನ ತಂತಿಯನ್ನೂ ಜೋಡಿಸಿ ಇಡೀ ರಾತ್ರಿಯ ನಿದ್ದೆಯನ್ನು ಕಾಗದದ ಮೇಲೆ ಇಳಿಸಿದೆವು. ರೆಮ್ ನಿದ್ದೆಯಲ್ಲಿ ನೇರ ಗೆರೆಯಂತಿರಬೇಕಾದ ಗದ್ದದ ಸ್ನಾಯು ಗೀಚು ಗೀಚಾಗಿ ಕುಣಿದಿತ್ತು. ಮೂರ್ಛೆ ರೋಗಕ್ಕೆ ಬಳಸುವ ಕ್ಲೋನಜೆಪಾಂ ಈ ಕಾಯಿಲೆಗೂ ಆಗುತ್ತದೆ ಎಂದು ಓದಿದ್ದೆ. ಬೆಂಗಳೂರಿನಿಂದ ತರಿಸಿ ಮಲಗುವ ಮುಂಚೆ ಸಣ್ಣ ಪ್ರಮಾಣದಲ್ಲಿ ಕೊಟ್ಟೆ. ಕೆಲವೇ ದಿನಗಳಲ್ಲಿ ಹೊಡೆತ, ಒದೆತ, ಕೂಗು ಎಲ್ಲ ನಿಂತವು.

ಆಮೇಲಿನದು ಕೇಳಿ. ವ್ರತ ಫಲಿಸಿತು ಎಂದು ಕುಪ್ಪುಸಾಮಿ ಊರಿನಲ್ಲಿ ಅನ್ನದಾನ ಮಾಡಿಸಿದರು. ತನ್ನ ಮಾತ್ರೆ ಕೊನೆಗೂ ಹತ್ತಿತು ಎಂದು ಊರಿನ ಡಾಕ್ಟರ್ ಹೇಳಿಕೊಂಡು ತಿರುಗಿದ. ಕಾಗೆ ಕೂತಿತು, ಕೊಂಬೆ ಮುರಿಯಿತು. ಒಬ್ಬರಾದರೂ ಆಕೆಯ ಮುಂದೆ ನಿಂತು ತಪ್ಪಾಯಿತು ಎನ್ನಲಿಲ್ಲ.

ಏಳೆಂಟು ವರ್ಷ ಕಳೆದ ಮೇಲೆ ಗಂಡಹೆಂಡಿರು ಮತ್ತೆ ಬಂದರು. ನಂಜಪ್ಪನ ಬಲಗೈ ನಡುಗುತ್ತಿತ್ತು, ನಡಿಗೆ ಚಿಕ್ಕದಾಗಿತ್ತು, ಮುಖದಲ್ಲಿ ಭಾವವಿರಲಿಲ್ಲ. ಪಾರ್ಕಿನ್ಸನ್ ಕಾಯಿಲೆ. ಕನಸನ್ನು ಕೈಕಾಲಲ್ಲಿ ಆಡುವ ಇಂಥ ರೋಗಿಗಳಲ್ಲಿ ಬಹಳ ಜನಕ್ಕೆ ಮುಂದೆ ಪಾರ್ಕಿನ್ಸನ್ನೋ ಅದರ ಬಳಗದ ಮರೆವಿನ ಕಾಯಿಲೆಯೋ ಬರುತ್ತದೆಂದು ಆ ಹೊತ್ತಿಗಷ್ಟೇ ಗೊತ್ತಾಗತೊಡಗಿತ್ತು. ಮಿದುಳುಕಾಂಡದಲ್ಲಿ ಶುರುವಾದ ಹಾನಿ ಮೆಲ್ಲನೆ ಮೇಲಕ್ಕೆ ಹತ್ತುತ್ತದೆ. ನಿದ್ದೆ ಅದರ ಮೊದಲ ಸುದ್ದಿ, ನಡುಕ ಬಹಳ ತಡವಾಗಿ ಬರುವ ಸುದ್ದಿ.

ಮನೆಯಲ್ಲಿ ನೆರವಿಗೆ ಯಾರಿದ್ದಾರೆ ಎಂದು ಸರಸಮ್ಮನನ್ನು ಕೇಳಿದೆ. ಎರಡು ಬೆರಳು ಮಡಚಲಾಗದ ಕೈಯಲ್ಲಿ ಆಕೆ ಗಂಡನ ಶರ್ಟಿನ ಗುಂಡಿ ಹಾಕುತ್ತಿದ್ದರು.

"ಈಗ ಎಲ್ಲಾರೂ ಬರ್ತಾರೆ ತಂಬಿ. ಮೂತ್ತಾರ್ ಕೂಡ ಹಣ್ಣು ತಗೊಂಡು ಬಂದು, ಪಾವಂ ಅಂತ ಕಣ್ಣೀರು ಹಾಕಿದ್ರು," ಎಂದರು. ಮೂತ್ತಾರ್ ಎಂದರೆ ಗಂಡನ ಅಣ್ಣ, ಅದೇ ಕುಪ್ಪುಸಾಮಿ. ಗುಂಡಿ ಹಾಕಿ ಮುಗಿಸಿ ಮತ್ತೆ ಹೇಳಿದರು: "ಇವರ ಕೈ ನಡುಗೋದು ಊರಿಗೆಲ್ಲ ಕಾಣ್ತದಲ್ಲ. ನಾನು ಅಡಿ ಏಟು ತಿಂದಾಗ ನನ್ನ ಮುಖಾನೂ ಊರಿಗೆಲ್ಲ ಕಾಣ್ತಾ ಇತ್ತು."

ವೈದ್ಯಕೀಯ ವಿದ್ಯಾರ್ಥಿಗಳಿಗೆ ನಾನು ಆಮೇಲೆ ಪ್ರತಿ ವರ್ಷ ಒಂದು ಮಾತು ಹೇಳುತ್ತಿದ್ದೆ. ನಿದ್ದೆಯಲ್ಲಿ ನಡೆದದ್ದು ರೋಗಿಗೆ ಗೊತ್ತಿರುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ಗೊತ್ತಿರುತ್ತದೆ. ಅವರನ್ನು ಒಳಗೆ ಕರೆದು ಕೂರಿಸಿ, ಮಿಕ್ಕವರನ್ನು ಹೊರಗೆ ಕಳಿಸಿ, ಮೊದಲು ಅವರನ್ನು ಕೇಳಿ. ಕೇಳದೆ ಮಾತ್ರೆ ಬರೆಯುವವರು ಬೇರೆ ಕೆಲಸ ನೋಡಿಕೊಳ್ಳಿ.