ಗೇಟಿನ ತನಕ ಬಂದ ನೀರು

ಅವರ ಪ್ಯಾಂಟಿನ ಕಾಲು ಬಿರುಬೇಸಿಗೆಯಲ್ಲೂ ಎರಡು ಮಡಿಕೆ ಮೇಲೇರಿರುತ್ತಿತ್ತು. ಮಡಿಕೆಯ ಕೆಳಗೆ ತೆಳ್ಳನೆಯ ಕಣಕಾಲು, ಅದರ ಮೇಲೊಂದು ನೀಲಿ ನರ, ಪಾದಕ್ಕೆ ಸವೆದ ಹವಾಯಿ ಚಪ್ಪಲಿ. ಮಳೆಯಿರಲಿ ಬಿಡಲಿ, ಕೈಯಲ್ಲಿ ಕರಿ ಕೊಡೆ. ಆ ಕೊಡೆಯನ್ನು ಅವರು ಬಿಚ್ಚಿದ್ದನ್ನು ನಾನು ಕಂಡದ್ದು ಕಡಿಮೆ. ಮೋರಿಗೆ ಇಳಿಬಿಟ್ಟು ಹೂಳೆಷ್ಟಿದೆ ಎಂದು ನೋಡುವುದಕ್ಕೇ ಅದು ಇದ್ದದ್ದು. ತುದಿಗೆ ಹತ್ತಿದ ಕೆಸರನ್ನು ನಮ್ಮ ಗೇಟಿನ ಕಂಬಿಗೆ ಒರೆಸಿ, ಒಳಗೆ ಇಣುಕಿ, “ಅಮ್ಮಾವ್ರೇ, ಕಾಫಿ ಆಯ್ತಾ?” ಎನ್ನುವರು. ಗೇಟು ಒರೆಸುವ ಕೆಲಸ ನನ್ನದು.

ಬೀದಿಯಲ್ಲಿ ಎಲ್ಲರಿಗೂ ಅವರು ಪಾಲಿಸಿ ಅಂಕಲ್. ನಮ್ಮ ಎದುರು ಮನೆ. ಕೆಳಗೆ ಅವರು ಮತ್ತು ಆಂಟಿ, ಮಹಡಿಯಲ್ಲಿ ಬಾಡಿಗೆಯವರು. ಮಗಳು ಹನುಮಂತನಗರದಲ್ಲಿ, ಭಾನುವಾರ ಬಂದು ಸಾರಿನ ಪುಡಿ ಕೊಟ್ಟು ಅಪ್ಪನನ್ನು ಗದರಿಸಿ ಹೋಗುತ್ತಿದ್ದಳು. ವಯಸ್ಸಿನ ಕಾಲದಲ್ಲೆಲ್ಲ ಜೀವವಿಮೆ ಮಾರಿದವರು ಅವರು. ತಲೆ ನರೆತ ಮೇಲೆ ಅದೇಕೋ ಮನೆವಿಮೆಗೆ ಗಂಟುಬಿದ್ದರು. ಅವರು ಬರುವುದು ಕಂಡರೆ ಟಿವಿ ಸದ್ದು ಸಣ್ಣ ಮಾಡಿ ಕೂರುವ ಮನೆಗಳಿದ್ದವು. ಅದು ಅವರಿಗೂ ಗೊತ್ತಿತ್ತು. “ಟಿವಿ ಜೋರಾಗೇ ಇರ್ಲಿ, ಹೊರಗಿಂದಾನೇ ಹೇಳಿ ಹೋಗ್ತೀನಿ” ಎಂದು ಕಿಟಕಿಯಲ್ಲೇ ಶುರುಮಾಡುವರು.

“ನೀನು ಸಾಯ್ತೀಯಪ್ಪ ಅಂದ್ರೆ ಜನ ನಂಬಿ ಸೈನ್ ಹಾಕ್ತಾರೆ. ನಿನ್ ಮನೆಗೆ ನೀರು ಬರುತ್ತೆ ಅನ್ನು, ನಗ್ತಾರೆ.”

ಹೆಚ್ಚು ನಗುತ್ತಿದ್ದವರು ಮೂಲೆಮನೆಯ ಕಂಟ್ರಾಕ್ಟರ್. ಸಂಜೆ ಹೊತ್ತು ಕಾರು ಒರೆಸುತ್ತಾ ಕೆಣಕುವರು. “ಏನ್ ಅಂಕಲ್, ಬೆಂಗಳೂರಿಗೆ ಸಮುದ್ರ ಯಾವಾಗ ಬರುತ್ತೆ? ನಾವು ಎಷ್ಟು ಎತ್ತರದಲ್ಲಿದೀವಿ ಗೊತ್ತಾ ನಿಮಗೆ?”

“ಸಮುದ್ರಕ್ಕಿಂತ ಎತ್ತರದಲ್ಲಿದೀವಿ, ಒಪ್ಪಿದೆ. ಆದ್ರೆ ಪಕ್ಕದ ರಸ್ತೆಗಿಂತ ಕೆಳಗಿದೀವಲ್ಲ ಗುರುವೇ, ಅದಕ್ಕೇನ್ ಮಾಡ್ತೀಯ?”

ಸುಳ್ಳಲ್ಲ. ಕುಮಾರಸ್ವಾಮಿ ಲೇಔಟಿನ ಕಡೆಯಿಂದ ಇಳಿಜಾರು ಬಂದು ಮುಗಿಯುವುದೇ ನಮ್ಮ ಬೀದಿಯಲ್ಲಿ. ಹಳೆಯ ಆಟೋದವರು ಈಗಲೂ ಈ ಜಾಗಕ್ಕೆ “ಕೋಡಿ ಹತ್ರ” ಎನ್ನುತ್ತಾರೆ. ಕೆರೆ ತುಂಬಿದರೆ ನೀರು ಹೊರಬೀಳುವ ಜಾಗ ಕೋಡಿ. ಕೆರೆ ಹೋಯಿತು, ಸೈಟುಗಳು ಬಂದವು, ಕೋಡಿ ಹೆಸರಾಗಿ ಉಳಿಯಿತು. ಹಿಂದುಗಡೆ ರಾಜಕಾಲುವೆ. ಅಂಕಲ್ ಬೆಳಿಗ್ಗೆ ಎದ್ದು ಅದರ ಗೋಡೆಯ ಮೇಲಿಂದ ಬಗ್ಗಿ ನೋಡಿಕೊಂಡು ಬರುವರು. ಬಂದವರು ಪೇಪರಿನ ಸುದ್ದಿಯಂತೆ ಬೀದಿಗೆಲ್ಲ ವರದಿ ಒಪ್ಪಿಸುವರು. “ಇವತ್ತು ಯಾರೋ ಸೋಫಾ ಬಿಸಾಕಿದಾರೆ. ಮಳೆ ಬಂದ್ರೆ ನೀರು ಅದರ ಮೇಲೆ ಕೂತ್ಕೊಂಡು ಹೋಗ್ಲಿ ಅಂತ.”

ರಸ್ತೆಗೆ ಇನ್ನೊಂದು ಪದರ ಟಾರು ಬಿದ್ದ ಮರುದಿನ ನಮ್ಮ ಗೇಟಿಗೆ ಬಂದು, ಒಳಗೆ ಕಾಲಿಡದೆ ನಿಂತರು. “ನಿಮ್ಮ ಯಜಮಾನ್ರು ಗೃಹಪ್ರವೇಶ ಮಾಡಿದಾಗ ನಾನು ಮೆಟ್ಟಿಲು ಹತ್ತಿ ಬಂದಿದ್ದೆ ಅಮ್ಮಾವ್ರೇ. ಈಗ ನೋಡಿ, ಇಳಿದು ಬರ್ತಿದೀನಿ. ಮನೆ ಇದ್ದಲ್ಲೇ ಇದೆ, ರಸ್ತೆ ಬೆಳೀತಾ ಇದೆ.”

ಅಪ್ಪ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ನಿವೃತ್ತಿಯ ಹಣವನ್ನೆಲ್ಲ ಸುರಿದು ಅವರು ಕಟ್ಟಿಸಿದ ಮನೆ, ಅದರಲ್ಲಿ ಅಮ್ಮ ಮತ್ತು ನಾನು. ನನ್ನದು ಶಾಲೆಯ ಟೀಚರ್ ಸಂಬಳ. ಅಮ್ಮ ಹೇಳಿದರು, “ಕಟ್ಟಿಸಿದೋರೇ ಹೋದ್ರು. ಇನ್ನು ಮನೆಗ್ಯಾಕೆ ವಿಮೆ?”

“ಅವರು ಹೋದ್ರು ಅಂತಲೇ. ಇನ್ನೊಂದ್ಸಲ ಕಟ್ಟಿಸೋರು ಯಾರಿದಾರೆ?”

ಅಮ್ಮ ಕಾಫಿಗೆ ಒಳಗೆ ಕರೆದರು. ಅಂಕಲ್ ಕಾಫಿ ಕುಡಿಯುತ್ತಾ ನನಗೆ ತಿಳಿಸಿ ಹೇಳಿದರು. ಸೈಟಿನ ಬೆಲೆ ಲೆಕ್ಕಕ್ಕಿಲ್ಲ, ಮಣ್ಣು ಎಲ್ಲಿಗೂ ಹೋಗುವುದಿಲ್ಲ. ಮತ್ತೆ ಕಟ್ಟಲು ಏನು ಬೇಕೋ ಅಷ್ಟಕ್ಕೆ ವಿಮೆ. ಒಳಗಿನ ಸಾಮಾನನ್ನೂ ಸೇರಿಸಿರಬೇಕು. ಪ್ರವಾಹ ಎಂಬ ಮಾತು ಪಾಲಿಸಿಯಲ್ಲಿ ಇದೆಯೇ ಎಂದು ನಾವೇ ಓದಿ ನೋಡಬೇಕು, ಏಜೆಂಟಿನ ಬಾಯಿಮಾತು ನಂಬಬಾರದು. “ನನ್ನನ್ನೂ ಸೇರಿಸಿ” ಎಂದು ನಕ್ಕರು. ಓದಿ ನೋಡಿ ನಾನು ಸೈನ್ ಹಾಕಿದೆ. “ನೀರು ಬಂದ್ರೆ ಒಂದೇ ಮಾತು ಜ್ಞಾಪಕ ಇಟ್ಕೋ ಕಣಮ್ಮ. ಫೋಟೋ ತೆಗೆಯೋ ತನಕ ಪೊರಕೆ ಮುಟ್ಟಬಾರದು. ನಷ್ಟದ ಲೆಕ್ಕ ಹಾಕೋ ಸರ್ವೇಯರ್ ನೋಡೋ ತನಕ ಹಾಳಾದ್ದನ್ನ ಬಿಸಾಕಬಾರದು. ನಮ್ಮವರ ಕೈ ಸುಮ್ನಿರಲ್ಲ. ಕಂಪನಿಯೋನು ಬರೋಷ್ಟರಲ್ಲಿ ಮನೆ ತೊಳೆದು ರಂಗೋಲಿ ಹಾಕಿರ್ತಾರೆ. ಅವನು ರಂಗೋಲಿಗೆ ದುಡ್ಡು ಕೊಡ್ತಾನಾ?”

ಅದೇ ವರ್ಷ ಮಳೆಗಾಲಕ್ಕೆ ಮುಂಚೆ ಆಂಟಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಹೋದವು. ಮಾತು ಉಳಿಯಿತು, ಭಯ ಹೆಚ್ಚಿತು. ಮಿಕ್ಸಿ ಸದ್ದಿಗೂ ಬೆಚ್ಚಿ “ರೀ” ಎಂದು ಕೂಗುವರು. ಮಧ್ಯಾಹ್ನ ಅಂಕಲ್ ಅವರನ್ನು ವರಾಂಡದ ಕುರ್ಚಿಯಲ್ಲಿ ಕೂರಿಸಿ ಜಡೆ ಹೆಣೆಯುತ್ತಿದ್ದರು. ಜಡೆ ಯಾವಾಗಲೂ ಒಂದು ಕಡೆಗೆ ವಾಲುತ್ತಿತ್ತು. “ಪಾಲಿಸಿ ಮಾರಿದ ಕೈಗೆ ಇಷ್ಟೇ ಬರೋದು” ಎಂದು ಆಂಟಿ ನಮಗೆ ಕೇಳುವಂತೆ ಹೇಳುವರು.

ನೀರು ಬಂದದ್ದು ಒಂದು ಸಂಜೆ. ಬಾಗಿಲಿನಿಂದ ಬರುತ್ತದೆ ಎಂದು ನಾವು ಕಾದಿದ್ದೆವು, ಅದು ಬಚ್ಚಲಿನ ತೂಬಿನಿಂದ ಬಂತು. ಅಮ್ಮ ಗೋಣಿಚೀಲ ತುರುಕಿ ಮೇಲೆ ರುಬ್ಬುವ ಗುಂಡು ಇಟ್ಟರು. ಗುಂಡು ಪಕ್ಕಕ್ಕೆ ಹೊರಳಿತು. ಅಷ್ಟರಲ್ಲಿ ಅಂಕಲ್ ಮೊಳಕಾಲುದ್ದ ನೀರಿನಲ್ಲಿ ನಮ್ಮ ಗೇಟಿಗೆ ಬಂದು ಕೊಡೆಯಿಂದ ಬಡಿಯುತ್ತಿದ್ದರು. “ಮೈನ್ ಆಫ್ ಮಾಡಿ. ದೇವ್ರನ್ನ ಎತ್ಕೊಂಡು ಮೇಲೆ ಹೋಗಿ. ಬೇರೇನೂ ಬೇಡ.”

ತಾರಸಿಯಿಂದ ನೋಡಿದೆವು. ಎದುರು ಮನೆಯ ಬಾಡಿಗೆಯವರು ಆಂಟಿಯನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ಎತ್ತಿಕೊಂಡು ಹೊರಗಿನ ಮೆಟ್ಟಿಲು ಹತ್ತುತ್ತಿದ್ದರು. ಆಂಟಿಯ ತಲೆಯ ಮೇಲೆ ಬೆಡ್‌ಶೀಟು, ಮುಖ ಮುಚ್ಚುವಂತೆ. ಹಿಂದೆ ಅಂಕಲ್, ಆಂಟಿಯ ಪಾದಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು. ಕೆಳಗೆ ನಮ್ಮ ಮನೆಯೊಳಗೆ ಏನೋ ದೊಡ್ಡದು ಉರುಳಿದ ಸದ್ದಾಯಿತು. ಫ್ರಿಜ್ ಇರಬೇಕು ಎಂದುಕೊಂಡೆ. ಮತ್ತೇನೂ ಅನ್ನಿಸಲಿಲ್ಲ.

ಬೆಳಿಗ್ಗೆ ನೀರು ಇಳಿದಿತ್ತು, ಕೊಚ್ಚೆ ಉಳಿದಿತ್ತು. ದೇವರಮನೆಯಲ್ಲೂ ಕೊಚ್ಚೆ. ಅಮ್ಮ ಸೆರಗು ಸಿಕ್ಕಿಸಿ ಪೊರಕೆ ಹಿಡಿದರು. ಗೇಟಿನಿಂದ ಕೂಗು ಬಂತು.

“ಅಮ್ಮಾವ್ರೇ, ಇಡಿ ಅದನ್ನ ಕೆಳಗೆ!”

“ಮನೆಯೆಲ್ಲ ಮೈಲಿಗೆ ಆಗಿದೆ ರೀ. ದೀಪ ಹಚ್ಚಬೇಡವಾ ನಾನು?”

“ದೇವ್ರು ತಾರಸಿ ಮೇಲಿದಾನಲ್ಲ, ಅಲ್ಲೇ ಹಚ್ಚಿ. ಅವನಿಗೆ ಗಾಳಿ ಚೆನ್ನಾಗಿರುತ್ತೆ. ಕೊಚ್ಚೆ ನನ್ನ ಕೈಲಿ ಬಿಡಿ.”

ಪ್ಯಾಂಟು ಇನ್ನೂ ಮೇಲಕ್ಕೆ ಮಡಿಸಿಕೊಂಡು ಒಳಗೆ ಬಂದರು. ನನ್ನ ಫೋನು ತೆಗೆದುಕೊಂಡು ಒಂದೊಂದು ಕೋಣೆಯನ್ನೂ ನಾಲ್ಕು ಮೂಲೆಯಿಂದ ತೆಗೆದರು. ಉಬ್ಬಿದ ಬಾಗಿಲು, ಗೋಡೆಯಲ್ಲಿ ನೀರು ನಿಂತ ಗುರುತು, ನೆನೆದ ಹಾಸಿಗೆ. ಕವುಚಿ ಬಿದ್ದ ಫ್ರಿಜ್ಜಿನ ಪಕ್ಕ ಅಮ್ಮನನ್ನು ನಿಲ್ಲಿಸಿ, “ನಗಬೇಡಿ ಮತ್ತೆ” ಎಂದರು. ಅಮ್ಮನಿಗೆ ನಿಜವಾಗಿಯೂ ನಗು ಬಂದುಬಿಟ್ಟಿತು. ಆ ಫೋಟೋ ಈಗಲೂ ಇದೆ. ಕಂಪನಿಗೆ ಫೋನು ಮಾಡಿಸಿದರು. ಮೋಟಾರು, ಫ್ರಿಜ್ ಯಾವುದಕ್ಕೂ ಕರೆಂಟು ಕೊಡಬೇಡಿ ಎಂದರು. ಆಮೇಲೆ ಕುರ್ಚಿ ಹಾಕಿಕೊಂಡು ನಮ್ಮ ಗೇಟಿನಲ್ಲಿ ಕೂತರು, ಕೊಚ್ಚೆಗೆ ಕಾವಲು.

ಮೂಲೆಮನೆಯದು ಎತ್ತರದ ಮನೆ, ಒಳಗೆ ನೀರು ಹೋಗಿರಲಿಲ್ಲ. ಆ ಕಂಟ್ರಾಕ್ಟರು ಕೆಲಸದವರನ್ನು ಕರೆದುಕೊಂಡು, ಬಕೆಟ್ಟು, ಸಲಿಕೆ, ಬ್ಲೀಚಿಂಗ್ ಪೌಡರ್ ಹೊರಿಸಿಕೊಂಡು ಬಂದರು. “ಅಂಕಲ್, ತಪ್ಪಾಯ್ತು, ಇನ್ನು ಮೇಲೆ ನಗಲ್ಲ. ಪಕ್ಕಕ್ಕೆ ಸರೀರಿ, ಟೀಚರ್ ಮನೆ ತೊಳ್ದುಬಿಡ್ತೀವಿ.”

“ಇಲ್ಲಿ ಒಬ್ಬನೂ ಕಾಲಿಡಬಾರದು” ಎಂದರು ಅಂಕಲ್. ಬಂದವರು ಬಕೆಟ್ಟು ಹಿಡಿದು ನಿಂತೇ ಇದ್ದರು. ಮಹಡಿಯಿಂದ ಆಂಟಿಯ ದನಿ ಕೇಳುತ್ತಿತ್ತು. “ರೀ, ಕೆಳಗೆ ಕರ್ಕೊಂಡ್ಹೋಗಿ. ನಮ್ಮನೆಗೆ ಕರ್ಕೊಂಡ್ಹೋಗಿ ರೀ.” ಅಂಕಲ್ ಮಹಡಿಯ ಕಡೆ ನೋಡಿದರು. ಆಮೇಲೆ ಕೊಡೆ ಎತ್ತಿ ರಸ್ತೆಯ ಆಚೆಗೆ ತೋರಿಸಿದರು.

“ನಮ್ಮನೆ ತೊಳೀರಿ.”

ಅವರ ಮನೆಯ ಫೋಟೋ ಆಗಲೇ ತೆಗೆದುಕೊಂಡಿರುತ್ತಾರೆ ಎಂದು ನಾನು ತಿಳಿದೆ. ಬೇರೆ ಹೇಗೆ ತಿಳಿಯಲಿ? ನಾವು ನೋಡುತ್ತಿದ್ದಂತೆ ಹಾಸಿಗೆ ಹೋಯಿತು, ಮಂಚ ಹೋಯಿತು, ಬೀರು ಹೋಯಿತು, ಮದುವೆಯ ಆಲ್ಬಂ ಇದ್ದ ಪೆಟ್ಟಿಗೆ ಹೋಯಿತು. ಎಲ್ಲ ಕಸದ ಟ್ರಾಕ್ಟರಿಗೆ. ಅಂಕಲ್ ತಿರುಗಿ ನೋಡದೆ ನಮ್ಮ ಗೇಟಿನಲ್ಲಿ ಕೂತಿದ್ದರು. ಮಗಳು ಹನುಮಂತನಗರದಿಂದ ಮಂಚ, ಹಾಸಿಗೆ ತಂದಳು. ಸಂಜೆಯೊಳಗೆ ಆಂಟಿ ತಮ್ಮ ಕೋಣೆಯಲ್ಲಿದ್ದರು.

ಸರ್ವೇಯರ್ ಬರುವುದಕ್ಕೆ ಕೆಲವು ದಿನ ಹಿಡಿಯಿತು. ನಮ್ಮ ಮನೆ ನಾರುತ್ತಿತ್ತು. ಅಮ್ಮ ತಾರಸಿಯ ಮೇಲೆ ದೀಪ ಹಚ್ಚಿ, ಗಾಳಿಗೆ ಆರಿದರೆ ಮತ್ತೆ ಹಚ್ಚುತ್ತಿದ್ದರು. ಬಂದವನು ಚಿಕ್ಕ ವಯಸ್ಸಿನವನು, ಅಂಕಲ್‌ಗೆ ಹಳೆಯ ಪರಿಚಯ. ನಮ್ಮ ಮನೆಯಲ್ಲಿ ಅವನ ಜೊತೆ ಕೋಣೆ ಕೋಣೆ ತಿರುಗಿ ಅಂಕಲ್ ಒಂದು ಕದದ ಕೀಲನ್ನೂ ಬಿಡದೆ ತೋರಿಸಿದರು. ಮುಗಿದ ಮೇಲೆ ಅವನು, “ಸಾರ್, ನಿಮ್ದೂ ಪಾಲಿಸಿ ಇದೆಯಲ್ಲ, ನೋಡ್ಬಿಡೋಣ” ಎಂದ. ಅಂಕಲ್ ಹೊರಟರು. ಅವರ ಓದುವ ಕನ್ನಡಕ ನಮ್ಮ ಟೇಬಲಿನ ಮೇಲೆ ಉಳಿದಿತ್ತು. ಕೊಡೋಣವೆಂದು ನಾನೂ ಹಿಂದೆ ಹೋದೆ.

ಅವರ ಹೊಸಿಲಿಗೆ ಅರಿಶಿನ, ಮುಂದೆ ರಂಗೋಲಿ. ನೆಲವೆಲ್ಲ ಫಿನಾಯಿಲಿನ ವಾಸನೆ. ನೀರು ನಿಂತ ಗುರುತಿನ ಮೇಲೆ ಹೊಸ ಸುಣ್ಣ. ಆಂಟಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು, ಜಡೆ ಒಂದು ಕಡೆಗೆ ವಾಲಿತ್ತು.

“ಯಾರು ರೀ ಬಂದಿರೋದು?”

“ನಮ್ಮ ಹುಡುಗನೇ ಕಣೆ. ಆಫೀಸಿನೋನು.”

ಸರ್ವೇಯರ್ ಗೋಡೆ ನೋಡಿದ, ನೆಲ ನೋಡಿದ. “ಫೋಟೋ ಸಾರ್?”

“ಇಲ್ಲಪ್ಪ.”

“ಹಾಳಾದ ಸಾಮಾನು?”

ಅಂಕಲ್ ಆಂಟಿಯ ದಿಂಬು ಸರಿಮಾಡಿದರು. ಅವನು ಪೆನ್ನಿನ ಮುಚ್ಚಳ ತೆಗೆದು ಮುಚ್ಚಿದ. “ಸಾರ್, ನಮಗೆಲ್ಲ ಹೇಳ್ಕೊಟ್ಟೋರು ನೀವು. ಹೋಗ್ಲಿ, ಪಕ್ಕದೋರನ್ನ ಕೇಳಿ ಬರ್ಕೊತೀನಿ. ಒಳಗೆ ಎಷ್ಟು ನೀರು ಬಂದಿತ್ತು, ಅಷ್ಟು ಹೇಳಿ.”

ಆಂಟಿಯ ಎಡಗೈ ಬೆಡ್‌ಶೀಟನ್ನು ಹಿಡಿದುಕೊಂಡಿತು. “ಒಳಗಾ? ರೀ, ನೀರು ಒಳಗೆ ಬಂದಿತ್ತಾ?”

“ಇಲ್ಲ ಕಣೆ” ಎಂದರು ಅಂಕಲ್. ಆಮೇಲೆ ಸರ್ವೇಯರಿನ ಮುಖ ನೋಡಿ, ಸ್ಪಷ್ಟವಾಗಿ ಹೇಳಿದರು. “ಗೇಟಿನ ತನಕ ಬಂತು. ಅಲ್ಲಿಂದ ಹೋಯ್ತು. ಹಾಗೇ ಬರ್ಕೋ.”

ಅವನು ನನ್ನ ಕಡೆ ತಿರುಗಿದ. ನಾನು ಕನ್ನಡಕ ಹಿಡಿದುಕೊಂಡು ನಿಂತಿದ್ದೆ.

“ಬೀರು ಎಲ್ಲಿ ಅಂದ್ರೆ ಪೇಂಟಿಗೆ ಕೊಟ್ಟಿದೀನಿ ಅಂತಾರೆ” ಎಂದರು ಆಂಟಿ, ಈಗ ಸಮಾಧಾನದ ದನಿಯಲ್ಲಿ. “ಇವರಿಗೆ ಮಳೆಗಾಲದಲ್ಲೇ ಪೇಂಟು ಜ್ಞಾಪಕ ಬರೋದು. ಆ ಹುಡುಗನಿಗೆ ಕಾಫಿ ಕೊಡಿ.”

ಅವನು ಕಾಫಿ ಕುಡಿದು ಹೋದ. ಗೇಟಿನ ಹತ್ತಿರ ನಾನು ಕೇಳಿದೆ, “ಅಂಕಲ್, ಹೊರಗೆ ಕರ್ಕೊಂಡು ಬಂದು ನಿಜ ಹೇಳಬಹುದಿತ್ತಲ್ಲ?”

“ಹೇಳಿದ್ರೆ ಗೋಡೆ ಕೆರೀತಾರೆ, ಅಳತೆ ಹಿಡೀತಾರೆ, ಇನ್ನೊಬ್ಬ ಬರ್ತಾನೆ. ಅವಳು ಕೇಳಿಸ್ಕೊತಾಳೆ.” ಕನ್ನಡಕ ತೆಗೆದುಕೊಂಡು ಅಂಗಿಯ ತುದಿಯಲ್ಲಿ ಒರೆಸಿದರು. “ನಿನಗೆ ನೀರು ಬರುತ್ತೆ ಅಂದೆ, ನೀನು ದೇವ್ರನ್ನ ಎತ್ಕೊಂಡು ತಾರಸಿ ಹತ್ತಿದೆ. ಎದ್ದು ಓಡಕ್ಕಾಗದೇ ಇರೋಳಿಗೆ ಹೇಳಿ ಏನ್ ಮಾಡ್ಲಮ್ಮ? ಪಾಲಿಸಿ ಮಾಡಿಸ್ಲಾ?”

ಅದೊಂದೇ ಸಲ ಅವರು ಆ ವಿಷಯ ಮಾತಾಡಿದ್ದು.

ನಮ್ಮ ಕ್ಲೇಮು ಬಂತು. ಬಾಗಿಲು ಬದಲಾಯಿತು, ಗೋಡೆ ಸರಿಹೋಯಿತು, ಅಮ್ಮ ದೇವರನ್ನು ಕೆಳಗಿಳಿಸಿದರು. ಆ ದುಡ್ಡಿಲ್ಲದಿದ್ದರೆ ನಾವು ಮನೆ ಮಾರಿ ಎಲ್ಲಾದರೂ ಬಾಡಿಗೆಗೆ ಹೋಗಬೇಕಿತ್ತು. ಅಂಕಲ್ ಮಹಡಿಯ ಬಾಡಿಗೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಮನೆ ಸರಿಮಾಡಿಸಿಕೊಂಡರು. ಬೀರು ಪೇಂಟಿನಿಂದ ಬರಲೇ ಇಲ್ಲ. ಆಂಟಿ ಮುಂದಿನ ಬೇಸಿಗೆಯಲ್ಲಿ, ಒಣ ನೆಲದ ಮೇಲೆ, ಮಗಳು ತಂದ ಆ ಮಂಚದಲ್ಲೇ ತೀರಿಕೊಂಡರು. ಆಮೇಲೆ ಅಂಕಲ್ ಕಾಲುವೆಗೆ ಹೋಗುವುದು ತಪ್ಪಿತು. ಪ್ಯಾಂಟಿನ ಮಡಿಕೆ ಇಳಿಯಿತು, ಅದರ ಅಂಚು ನೆಲ ಗುಡಿಸುತ್ತಿತ್ತು. ಒಂದು ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ಗೇಟಿನಲ್ಲೇ ಇದ್ದದ್ದು ನೋಡಿ ಮಹಡಿಯವರು ಬಾಗಿಲು ತಟ್ಟಿದರು. ಅಂಕಲ್ ಏಳಲಿಲ್ಲ. ಅಮ್ಮ ಅತ್ತರು, ಮೂಲೆಮನೆಯ ಕಂಟ್ರಾಕ್ಟರ್ ರಸ್ತೆಯಲ್ಲೇ ಕೂತು ಅತ್ತರು. ನಾನು ನಮ್ಮ ಗೇಟಿನ ಕಂಬಿಯಲ್ಲಿ ಒಣಗಿದ್ದ ಹಳೆಯ ಕೆಸರನ್ನು ಉಗುರಿನಿಂದ ಕೆರೆಯುತ್ತಾ ನಿಂತಿದ್ದೆ. ಅಳು ಬರಲಿಲ್ಲ. ಇದನ್ನು ಬರೆಯುವಾಗಲೂ ಬಂದಿಲ್ಲ.

ಹೋದ ತಿಂಗಳು ಅಂಕಲ್ ಇದ್ದ ಆ ಮನೆ ನೋಡಲು ಒಂದು ಸಂಸಾರ ಬಂದಿತ್ತು. ಗಂಡ ಹೆಂಡತಿ ಒಳಗೆಲ್ಲ ಸುತ್ತಿ ಬಂದರು. ಕಾರಿನಲ್ಲಿ ಒಬ್ಬರು ಅಜ್ಜಿ, ಕಾಲಿನ ಪಕ್ಕ ವಾಕರ್, ಕಿಟಕಿ ತೆರೆದಿತ್ತು. ಗಂಡ, ಇನ್ನೂ ಹುಡುಗ, ರಸ್ತೆ ದಾಟಿ ನನ್ನ ಹತ್ತಿರ ಬಂದ.

“ಅಕ್ಕ, ಮಳೆಗೆ ಇಲ್ಲಿ ನೀರು ಬರುತ್ತಾ?”

ಅಜ್ಜಿ ಕಾರಿನೊಳಗಿಂದ ನನ್ನನ್ನೇ ನೋಡುತ್ತಿದ್ದರು.

“ಒಂದ್ಸಲ ಬಂದಿತ್ತು” ಎಂದೆ, ಅವರಿಗೂ ಕೇಳುವಂತೆ. “ಗೇಟಿನ ತನಕ.”

ಅಜ್ಜಿ ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದರು. ನಾನು ಆ ಹುಡುಗನ ಹೊಳೆಯುವ ಶೂ ನೋಡಿದೆ, ಇಸ್ತ್ರಿ ಮಾಡಿದ ಪ್ಯಾಂಟು ನೋಡಿದೆ.

“ಪ್ಯಾಂಟು ಸ್ವಲ್ಪ ಮೇಲಕ್ಕೆ ಮಡಿಸ್ಕೊಳ್ಳಿ” ಎಂದು ಮೆಲ್ಲಗೆ ಹೇಳಿದೆ. “ಹಿಂದೆ ಕಾಲುವೆ ಇದೆ, ಬನ್ನಿ. ಮಿಕ್ಕಿದ್ದು ಅಲ್ಲಿ ಹೇಳ್ತೀನಿ.”