ವಾಚಿಗೆ ಬೆಳಕು ಉಣಿಸಿದ ಹನ್ನೆರಡು ದಿನ

ಈ ಹಾಳೆಗೆ ಇನ್ನೂ ಪೆಟ್ರೋಲಿನ ವಾಸನೆ ಇದೆ. ವಾಚಿನ ಸಣ್ಣ ಸಣ್ಣ ಚಕ್ರಗಳನ್ನು ತೊಳೆಯಲು ಬಟ್ಟಲಲ್ಲಿ ಇಡುತ್ತಿದ್ದ ಪೆಟ್ರೋಲು. ಹಾಳೆ ನನ್ನದೇ ನೋಟ್‌ಬುಕ್ಕಿನದು, ಮೇಲೆ ನನ್ನ ಅಕ್ಷರದಲ್ಲಿ ಹನ್ನೆರಡು ಸಾಲುಗಳಿವೆ. ಹಗರಿಬೊಮ್ಮನಹಳ್ಳಿಯಿಂದ ತಂದು ಒಂಬತ್ತು ದಿನ ಆಯಿತು. ಇಟ್ಟಿಗಿಯ ಆರೋಗ್ಯ ಕೇಂದ್ರದಲ್ಲಿ ನಾನು ಕೂರುವ ಮೇಜಿನ ಮೇಲೆ ಬಿಡಿಸಿಟ್ಟಿದ್ದೇನೆ. ಫ್ಯಾನಿನ ಗಾಳಿಗೆ ಹಾಳೆ ಒಮ್ಮೆ ಎದ್ದು ಮಲಗಿದರೆ ಸಾಕು, ಆ ಅಂಗಡಿ ಕಣ್ಣೆದುರು ಬರುತ್ತದೆ...

ಸ್ಟೇಷನ್ನಿನಿಂದ ಪೇಟೆಗೆ ಬರುವ ದಾರಿಯಲ್ಲಿ, ಟೈಲರ್ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ, ಇಬ್ಬರು ಕೂತರೆ ಮೂರನೆಯವರು ಹೊರಗೆ ನಿಲ್ಲಬೇಕಾದಷ್ಟು ಜಾಗ. ಪೂರ್ವಕ್ಕೆ ಒಂದು ಕಿಟಕಿ. ಅಲ್ಲಿ ಕೂತು ವಾಚು ರಿಪೇರಿ ಮಾಡುತ್ತಿದ್ದವರನ್ನು ಓಣಿಯವರೆಲ್ಲ ವಾಚಿನ ತಾತ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ.

ಆಗ ನಾನು ನರ್ಸಿಂಗ್ ಕೊನೆಯ ವರ್ಷದಲ್ಲಿದ್ದೆ. ಅಪ್ಪ ರೈಲ್ವೆ ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾಗಿದ್ದ. ಜತೆಯವರು ಸೇರಿ ಅವನಿಗೆ ಸೋಲಾರ್ ವಾಚು ಕೊಟ್ಟಿದ್ದರು. ಮನೆಗೆ ಬಂದವನೇ ಅದನ್ನು ನನ್ನ ಕೈಗೆ ಕಟ್ಟಿದ. "ನನಗ್ಯಾಕ ಇನ್ನ ಟೈಮು? ನಿನಗ ನಾಡಿ ಎಣಿಸಾಕ ಬೇಕಾಗತೈತಿ" ಎಂದ.

ನಾನು ಮಾಡಿದ್ದೇನು? ಪ್ರಾಕ್ಟಿಕಲ್ ಪರೀಕ್ಷೆಯ ದಿನವೇ ಕಟ್ಟಿಕೊಳ್ಳಬೇಕೆಂದು ಅವ್ವನ ರೇಷ್ಮೆ ಕುಪ್ಪಸದ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟೆ. ನಮ್ಮಲ್ಲಿ ಒಳ್ಳೆಯ ವಸ್ತು ಬಂದರೆ ಮೊದಲು ಮಾಡುವ ಕೆಲಸವೇ ಅದು. ಪರೀಕ್ಷೆಗೆ ಹದಿನಾಲ್ಕು ದಿನ ಇದ್ದಾಗ ತೆಗೆದು ನೋಡಿದರೆ ಮುಳ್ಳುಗಳು ನಿಂತುಹೋಗಿದ್ದವು. ನಾಡಿ ಎಣಿಸಲು ಬೇರೆ ವಾಚು ಸಿಗುತ್ತಿರಲಿಲ್ಲ ಎಂದಲ್ಲ. ಪರೀಕ್ಷೆಯ ದಿನ ಬೆಳಿಗ್ಗೆ ಅಪ್ಪ ನನ್ನ ಮಣಿಕಟ್ಟು ನೋಡುತ್ತಾನೆ, ಅಲ್ಲಿ ತನ್ನ ವಾಚು ಇಲ್ಲದಿದ್ದರೆ ಏನೂ ಕೇಳುವುದಿಲ್ಲ. ಕೇಳದೆ ಸುಮ್ಮನಿರುತ್ತಾನಲ್ಲ, ಅದೇ ನನಗೆ ಭಯ.

ತಾತ ವಾಚನ್ನು ಕಿವಿಗೆ ಹಿಡಿಯಲಿಲ್ಲ, ಬಿಚ್ಚಲೂ ಇಲ್ಲ. "ಎಷ್ಟು ದಿನ ಕತ್ತಲ್ಯಾಗ ಇಟ್ಟಿದ್ದಿ ತಂಗಿ?" ಎಂದರು.

"ಏಳು ತಿಂಗಳ ಹದಿನಾರು ದಿನರೀ." ಡೈರಿ ನೋಡಿಕೊಂಡೇ ಹೋಗಿದ್ದೆ.

ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರ ತೆಗೆದು ನನ್ನನ್ನು ನೋಡಿದರು. "ಕೊಂದಿದ್ದಕ್ಕೂ ಲೆಕ್ಕ ಇಟ್ಟೀಯಲ್ಲ, ಭಾಳ ಚೊಲೋ ಆತು."

ಬೇರೆ ಕಡೆ ಒಬ್ಬರು ಸಾದಾ ಸೆಲ್ ಹಾಕಿಕೊಡುತ್ತೇನೆ ಎಂದಿದ್ದನ್ನು ಹೇಳಿದೆ. ತಾತ ತಲೆ ಅಲ್ಲಾಡಿಸಿದರು. "ಇದರಾಗಿನ ಸೆಲ್ಲೇ ಬ್ಯಾರೆ. ಬೆಳಕು ಬಿದ್ದಂಗ ತುಂಬಿಕೊಳ್ತೈತಿ. ಸಾದಾ ಸೆಲ್ ಹಾಕಿದ್ರ ಇವತ್ತು ಓಡತೈತಿ, ನಾಳೆ ಸೋರಿ ಒಳಗಿಂದೆಲ್ಲ ತಿಂತೈತಿ. ಸತ್ತಿಲ್ಲ ಇದು, ಉಪಾಸ ಬಿದ್ದೈತಿ. ಮೆಲ್ಲಕ ಉಣಿಸಬೇಕು."

ಉಣಿಸುವ ಕ್ರಮ ಹೀಗಿತ್ತು. ಕಾಲೇಜಿಗೆ ಹೋಗುವಾಗ ಎಂಟಕ್ಕೆ ನಾನು ಅಂಗಡಿಯ ಕಿಟಕಿಯಲ್ಲಿ ವಾಚನ್ನು ಮುಖ ಮೇಲಾಗಿ ಇಡಬೇಕು. ಬಿಸಿಲು ಚುರುಕಾದಾಗ ತಾತ ನೆರಳಿಗೆ ಸರಿಸುತ್ತಾರೆ. ಮುಟ್ಟಿದರೆ ಕೈಗೆ ಬಿಸಿ ತಾಗಬಾರದು. ಸಂಜೆ ಬಂದು, ಕಾಲಮ್ಮು ಎಳೆದ ಹಾಳೆಯಲ್ಲಿ ಒಂದು ಸಾಲು ಬರೆಯಬೇಕು: ಎಷ್ಟು ತಾಸು ಬೆಳಕು, ಸೆಕೆಂಡ್ ಮುಳ್ಳು ಹೇಗೆ ನಡೆಯುತ್ತಿದೆ, ಫೋನಿಗೂ ಇದಕ್ಕೂ ಎಷ್ಟು ವ್ಯತ್ಯಾಸ. ಮುಳ್ಳು ಎರಡೆರಡು ಸೆಕೆಂಡಿಗೆ ಒಮ್ಮೆ ಜಿಗಿದರೆ ಇನ್ನೂ ಹಸಿದಿದೆ ಎಂದು, ಒಂದೊಂದೇ ಹೆಜ್ಜೆ ಇಟ್ಟರೆ ಹೊಟ್ಟೆ ತುಂಬುತ್ತಿದೆ ಎಂದು. ನಾನು ಬರೆದ ಸಾಲನ್ನು ತಾತ ಓದಿ, ವಾಚನ್ನು ನೋಡಿ, ಎರಡೂ ತಾಳೆಯಾದರೆ ಸಾಲಿನ ಕೊನೆಗೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡುತ್ತಿದ್ದರು. ಆ ಚುಕ್ಕೆಗೋಸ್ಕರ ನಾನು ಬಸ್ಸು ತಪ್ಪಿಸಿಕೊಂಡದ್ದೂ ಉಂಟು, ಎರಡು ಸಲ.

ಮೊದಲ ಎರಡು ದಿನ ಏನೂ ಇಲ್ಲ. ಮೂರನೆಯ ದಿನ ಮುಳ್ಳು ಅಲುಗಿತು. ಐದನೆಯ ದಿನ ಎರಡೆರಡು ಹೆಜ್ಜೆ.

ಆರನೆಯ ದಿನ ಭಾನುವಾರ. ಅಂಗಡಿಗೆ ರಜೆ ಇದ್ದದ್ದರಿಂದ ವಾಚು ಮನೆಗೆ ಬಂದಿತ್ತು. ಅವ್ವ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿದ್ದಳು. ಕಿಟಕಿಯ ಬೆಳಕಿಗೇ ಇಷ್ಟು ಆದರೆ ಮಾಳಿಗೆಯ ಬಿಸಿಲಿಗೆ ಒಂದೇ ದಿನದಲ್ಲಿ ತುಂಬಬಹುದು ಎಂದು ಲೆಕ್ಕ ಹಾಕಿ, ಹನ್ನೆರಡಕ್ಕೆ ಅದನ್ನು ಮೆಣಸಿನಕಾಯಿಯ ನಡುವೆ ಇಟ್ಟು ಬಂದೆ. ಎರಡಕ್ಕೆ ಹೋದಾಗ ಅದು ನೀರಿನ ಟ್ಯಾಂಕಿನ ನೆರಳಲ್ಲಿತ್ತು. ನೆರಳೇ ಅಲ್ಲಿಗೆ ಬಂದಿದೆ ಅಂದುಕೊಂಡೆ. ಗಾಜಿನ ಒಳಗೆ ಮಂಜು ಕೂತಿತ್ತು. ಮುಳ್ಳು ನಿಂತಿತ್ತು.

ಹಾಳೆಯಲ್ಲಿ ಬರೆದೆ: ಕಿಟಕಿ, ಎರಡು ತಾಸು.

ಸೋಮವಾರ ತಾತ ಆ ಸಾಲನ್ನು ಓದಿದರು. ವಾಚಿನ ಪಟ್ಟಿಯ ಸಂದಿಯಿಂದ ಚಿಮಟದಲ್ಲಿ ಏನೋ ಹಿಡಿದೆತ್ತಿ ಹಾಳೆಯ ಮೇಲೆ ಇಟ್ಟರು. ಮೆಣಸಿನಕಾಯಿ ಬೀಜ.

"ನಿಮ್ಮನಿ ಕಿಟಕ್ಯಾಗ ಮೆಣಸಿನಕಾಯಿ ಬೆಳೀತಾವೇನು?"

ಅವರ ದನಿ ಏರಲಿಲ್ಲ. "ವಾಚು ಕೆಟ್ರ ನಾ ನೋಡಿಕೊಳ್ತೀನಿ. ನಾಳೆ ಯಾರದೋ ಜ್ವರದ ಚಾರ್ಟಿನ್ಯಾಗ ಹಿಂಗ ಬರದ್ರ ಯಾರು ನೋಡಿಕೊಳ್ಳಬೇಕು?"

ನಾನು ಆ ಸಾಲನ್ನು ಗೀಚಿ ಹಾಕಲು ಹೋದೆ. ಕೈ ಹಿಡಿದರು. "ಅಳಸಬ್ಯಾಡ. ಅದೂ ಇರಲಿ. ಬಾಜೂಕ ಖರೇದು ಬರಿ."

ಬರೆದೆ: ಪಕ್ಕದ್ದು ಸುಳ್ಳು. ಮಾಳಿಗೆ, ಮಧ್ಯಾಹ್ನ, ಎರಡು ತಾಸು, ಮೆಣಸಿನಕಾಯಿ ಜತೆ.

ಅದರ ಮುಂದೆಯೂ ಒಂದು ಚುಕ್ಕೆ ಬಿತ್ತು.

ತಾತ ಅವತ್ತು ಮನಸ್ಸಿಲ್ಲದ ಮನಸ್ಸಿನಿಂದ ವಾಚಿನ ಬೆನ್ನು ಬಿಚ್ಚಿದರು. ಎರಡು ದಿನ ಗಾಜಿನ ಬೋಗುಣಿಯಡಿ ಒಣಗಿಸಿದರು, ನೀರು ತಡೆಯುವ ರಬ್ಬರ್ ಉಂಗುರ ಹೊಸದು ಹಾಕಿದರು. ಮತ್ತೆ ಕಿಟಕಿ, ಮತ್ತೆ ಎರಡೆರಡು ಹೆಜ್ಜೆ. ನಡುವೆ ಒಂದು ದಿನ ಅದೂ ಇಲ್ಲ... ಅವತ್ತಿನ ಸಾಲಿನಲ್ಲಿ 'ನಿಂತಿದೆ' ಎಂದಷ್ಟೇ ಬರೆದು, ತಾತನ ಮುಖ ನೋಡದೆ ಎದ್ದು ಬಂದಿದ್ದೆ. ಹನ್ನೆರಡನೆಯ ದಿನ ಸಂಜೆ ನಾವಿಬ್ಬರೂ ಕಿಟಕಿಗೆ ಬಗ್ಗಿ ನೋಡಿದೆವು. ಒಂದು, ಎರಡು, ಮೂರು. ಮುಳ್ಳು ಎಲ್ಲೂ ಜಿಗಿಯಲಿಲ್ಲ. ಅರವತ್ತರವರೆಗೂ ಎಣಿಸಿದೆ.

ಸೋಮವಾರ ಪರೀಕ್ಷೆಯಲ್ಲಿ ನಾನು ಎಣಿಸಿದ ನಾಡಿ ಎಪ್ಪತ್ತಾರು. ಪರೀಕ್ಷಕರು ಎಣಿಸಿದ್ದೂ ಎಪ್ಪತ್ತಾರು. ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ನಕ್ಕ. "ಮೂವತ್ತು ವರ್ಷ ಹಳಿ ಮ್ಯಾಲ ಬಿಸಿಲು ತಿಂದಾವನ ವಾಚು ಅದು, ಪೆಟ್ಟಿಗ್ಯಾಗ ಇಟ್ರ ಬದುಕತೈತೇನು? ಅವತ್ತು ಮಾಳಿಗಿ ಮ್ಯಾಲ ಟ್ಯಾಂಕಿನ ನೆರಳಿಗೆ ಸರಿಸಿದಾಂವ ನಾನ." ಅಲ್ಲಿಗೆ ಎಂಟು ದಿನ ಆಗಿತ್ತು. ಎಂಟು ದಿನ ಒಂದು ಮಾತೂ ಆಡಿರಲಿಲ್ಲ ಅವನು.

ತಾತನಿಗೆ ಹೇಳಲು ಹೋದಾಗ ಅವರು ಆ ಹಾಳೆಯನ್ನು ಕೇಳಿ ಇಸಿದುಕೊಂಡರು. ನನ್ನಂಥವರು ಇನ್ನೂ ಬರುತ್ತಾರೆ, ತೋರಿಸಲಿಕ್ಕೆ ಆಗುತ್ತದೆ ಎಂದರು. ಸುಳ್ಳು ಬರೆದ ಸಾಲು ಇದೆಯಲ್ಲ ಎಂದು ನಾನು ಹಿಂಜರಿದೆ. "ಅದ ಮೊದಲು ತೋರಸ್ತೀನಿ" ಎಂದರು.

ಕೆಲಸ ಸಿಕ್ಕಿ ಇಟ್ಟಿಗಿಗೆ ಬಂದ ಮೇಲೆ ಅವರನ್ನು ನೋಡಲು ಹೋದದ್ದು ಮೂರೇ ಸಲ. ಡೈರಿ ತಿರುವಿ ಎಣಿಸಿದಾಗ ನನಗೇ ನಾಚಿಕೆಯಾಯಿತು. ನಾಲ್ಕನೆಯ ಸಲ, ಅಂದರೆ ಒಂಬತ್ತು ದಿನದ ಹಿಂದೆ, ಅವರ ಸೊಸೆ ಅಂಗಡಿ ಖಾಲಿ ಮಾಡುತ್ತಿದ್ದರು. "ಮಾವಾರು ಹೋಗಿ ಒಂದು ವಾರಾತ್ರಿ. ಕುರ್ಚಿ ಮ್ಯಾಲ ಕುಂತಾರ ಕುಂತಂಗ..." ಎಂದರು. ಕಪಾಟಿನ ಬಾಗಿಲ ಒಳಗೆ ಮೊಳೆಗೆ ಸಿಕ್ಕಿಸಿದ್ದ ಹಾಳೆಯನ್ನು ಬಿಡಿಸಿ ಕೊಟ್ಟರು.

ನನ್ನ ಹನ್ನೆರಡು ಸಾಲಿನ ಕೆಳಗೆ, ನನ್ನವೇ ಕಾಲಮ್ಮುಗಳಲ್ಲಿ, ತಾತನ ಪೆನ್ಸಿಲಿನಲ್ಲಿ ಇನ್ನೂ ಹತ್ತೊಂಬತ್ತು ಸಾಲುಗಳಿದ್ದವು. ಹಾಳೆಯ ಹಿಂಬದಿಗೂ ಹೋಗಿದ್ದವು. ಸಾಲಿನ ಮೊದಲಿಗೆ ವಾಚು ಯಾರದು, ಬೆಳಕು ಯಾಕೆ ತಪ್ಪಿತು ಎಂದಿತ್ತು: ಹಡಗಲಿಯ ಮೇಷ್ಟ್ರು, ತುಂಬುತೋಳಿನ ಅಂಗಿ. ಕೊಟ್ಟೂರಿನ ಮದುಮಗ, ಪೆಟ್ಟಿಗೆಯಲ್ಲಿ ಒಂದು ವರ್ಷ. ಹದಿನೆಂಟು ಸಾಲಿಗೆ ಚುಕ್ಕೆ ಇತ್ತು. ಕೊನೆಯದಕ್ಕೆ ಇರಲಿಲ್ಲ: ಇಟ್ಟಿಗಿಯ ಕುರಿಯವರು, ಕಂಬಳಿಯೊಳಗಿನ ಕೈ, ಮೂರನೇ ದಿನ, ಎರಡೆರಡು.

"ಆ ವಾಚು ಎಲ್ಲೈತ್ರಿ?" ಎಂದು ಕೇಳಿದೆ. ಕಿಟಕಿಯಲ್ಲೇ ಇತ್ತು. ಅಂಗಡಿಯ ಜತೆ ಕಿಟಕಿಯ ಕದವೂ ಮುಚ್ಚಿದ್ದರಿಂದ ಬೆಳಕಿಲ್ಲದೆ ನಿಂತಿತ್ತು.

ಅದನ್ನೂ ಇಟ್ಟಿಗಿಗೆ ತಂದು ಮತ್ತೆ ಮೊದಲಿನಿಂದ ಶುರು ಮಾಡಿದೆ. ನಮ್ಮ ಕೇಂದ್ರದ ಕಿಟಕಿಯೂ ಪೂರ್ವಕ್ಕೇ ಇದೆ. ಇವತ್ತು ಬೆಳಿಗ್ಗೆ ಒಬ್ಬ ಬಾಣಂತಿಯ ನಾಡಿ ಹಿಡಿದು ನನ್ನ ವಾಚು ನೋಡುತ್ತಿದ್ದವಳು, ಮುಗಿದ ಮೇಲೆ ಕಿಟಕಿಯ ಕಡೆ ಕಣ್ಣು ಹಾಯಿಸಿದೆ. ಅದು ನನ್ನ ವಾಚಿನ ಜತೆಗೇ ಒಂದೊಂದು ಹೆಜ್ಜೆ ಇಡುತ್ತಿತ್ತು.

ಮಧ್ಯಾಹ್ನ ಆ ವಾಚಿನ ಯಜಮಾನರು, ಕುರಿ ಕಾಯುವವರು, ಬಂದರು. ಊರಿನವರ ಕೈಲಿ ಹೇಳಿ ಕಳಿಸಿದ್ದೆ. ದಿನವಿಡೀ ಬಯಲಲ್ಲಿರುವವರ ವಾಚಿಗೆ ಬಿಸಿಲು ಹೇಗೆ ಕಡಿಮೆ ಆಯಿತು ಎಂದು ಕೇಳಿದರೆ ಗದ್ದ ಕೆರೆದುಕೊಂಡರು. "ಕಂಬಳಿ ಮ್ಯಾಲ ಕಟ್ಟಿಕೋ ಅಂದಿದ್ದನವ್ವ ನಿಮ್ಮ ತಾತ. ಮಂದಿ ನಗತಾರಂತ ನಾನ ಕಟ್ಟಿಕೊಂಡಿದ್ದಿಲ್ಲ."

"ಈಗ?"

"ಈಗ ನಗಲಿ ಬಿಡು." ಕಂಬಳಿಯ ಮೇಲೆಯೇ ಪಟ್ಟಿ ಬಿಗಿದುಕೊಂಡು, ಕೈ ಮುಂದಕ್ಕೆ ಚಾಚಿ ಒಮ್ಮೆ ನೋಡಿಕೊಂಡು ಬಿಸಿಲಿಗೆ ಇಳಿದರು.

ತಾತ ನಿಲ್ಲಿಸಿದ್ದ ಸಾಲನ್ನು ಪೆನ್ನಿನಲ್ಲಿ ಮುಂದುವರಿಸಿ ಬರೆದೆ: ಮತ್ತೆ ಮೊದಲಿನಿಂದ ಒಂಬತ್ತು ದಿನ, ಕಿಟಕಿ, ಒಂದೊಂದೇ, ವ್ಯತ್ಯಾಸ ಇಲ್ಲ. ಸಾಲಿನ ಕೊನೆಗೆ ಚುಕ್ಕೆ ಇಡುವ ಜಾಗ ಖಾಲಿ ಬಿಟ್ಟೆ. ಅದು ನಾನು ಇಡುವಂಥದ್ದಲ್ಲ... ಹಾಳೆಯಲ್ಲಿ ಜಾಗ ಮುಗಿದಿತ್ತು. ಸ್ಕೇಲು ತೆಗೆದು, ಇನ್ನೊಂದು ಹಾಳೆಗೆ ಅದೇ ಕಾಲಮ್ಮುಗಳನ್ನು ಎಳೆದು, ಇದರ ಕೆಳಗೆ ಅಂಟಿಸಿದೆ.