‘ಮಿ’ ಅಕ್ಷರದ ಬಾಲ

ಬೆಳಗಿನ ನಾಲ್ಕೂವರೆ. ಗಲ್ಫಿನ ಮರುಭೂಮಿಯಲ್ಲಿ, ಮದೀನತ್ ಜಾಯೆದ್ ಪಟ್ಟಣದಿಂದ ಮುಕ್ಕಾಲು ಗಂಟೆ ದೂರದ ಎಣ್ಣೆಬಾವಿ ಕ್ಯಾಂಪಿನ ಲಾಂಡ್ರಿ. ಕುಂಞಾಲಿ ಒಂದು ಕವರಾಲಿನ, ಮೈತುಂಬ ತೊಡುವ ಕೆಲಸದುಡುಪಿನ, ಕಾಲರ್ ಮಗುಚಿ, ಮಾಸಿದ ‘ಮಿ’ ಅಕ್ಷರದ ಬಾಲವನ್ನು ಕಪ್ಪು ಮಾರ್ಕರಿನಲ್ಲಿ ಮತ್ತೆ ತಿದ್ದುತ್ತಾರೆ.

ಇದು ಎಣ್ಣೆಗಾಗಿಯೇ ಕಟ್ಟಿದ ಊರು. ಕಟ್ಟಿಸಿದ ಇಂಗ್ಲಿಷ್ ಇಂಜಿನಿಯರ್ ಹುಟ್ಟಿದ್ದು ಕಲ್ಲಿದ್ದಲು ಗಣಿಯವರಿಗೆಂದು ಕಟ್ಟಿದ ಪುಟ್ಟ ಹಳ್ಳಿಯಲ್ಲಂತೆ. ಅಲ್ಲಿನ ಹಾಗೆಯೇ ಇಲ್ಲೂ ಸಾಲುಮನೆ ಹಾಕಿಸಿದ. ಗಣಿ ಮುಚ್ಚಿ ಆ ಹಳ್ಳಿ ಬರಿದಾಯಿತು. ಈ ಭಾನುವಾರ ಇದರ ಸರದಿ. ಮುನ್ನೂರ ಹನ್ನೆರಡು ಮಂದಿ ಹೊಸ ಕ್ಯಾಂಪಿಗೆ ಹೋಗುತ್ತಾರೆ. ಅಲ್ಲಿ ಬಟ್ಟೆ ಗುರುತಿಸುವುದು ಮೆಷಿನ್, ಕುಂಞಾಲಿಗೆ ಕೆಲಸವಿಲ್ಲ.

ಉಳ್ಳಾಲದ ಇವರು ಇಲ್ಲಿಗೆ ಬಂದು ಇಪ್ಪತ್ತಾರು ವರ್ಷ. ಓದಿದ್ದು ಮೂರನೇ ಕ್ಲಾಸು. ಕ್ಯಾಂಪು ಮುಚ್ಚುವ ಮೊದಲು ನೋಡಲು ಬಂದ ನನಗೆ ಹೇಳುತ್ತಾರೆ: “ಇಲ್ಲಿ ಮಹಮ್ಮದ್ ಅಂತಲೇ ನಲ್ವತ್ತು ಜನ ಉಂಟು ಮಾರಾಯ್ರೆ. ಹೆಸರು ಬರೆದರೆ ಖಲಾಸ್! ಕಾಗುಣಿತ ಒಂದು ಬಾಯಿಪಾಠ ಇತ್ತು, ಅದನ್ನೇ ಕಾಲರಿಗೆ ಹಾಕಿದೆ.” ಸಾಲಿಗೊಂದು ಅಕ್ಷರ, ಮಂಚಕ್ಕೊಂದು ಗುಣಿತ. ನೇಪಾಳದವರೂ ಪೇಶಾವರದವರೂ ತಂತಮ್ಮ ಕನ್ನಡ ಅಕ್ಷರ ಬಲ್ಲರು, ಅದೊಂದನ್ನೇ.

ಎರಡು ವರ್ಷದ ಹಿಂದೆ ಹೊಸ ಸೈಟಿನಲ್ಲಿ ಒಬ್ಬ ಬಿಸಿಲಿಗೆ ಕುಸಿದು ತೀರಿಕೊಂಡ. ಜೇಬಿನಲ್ಲಿ ಕಾರ್ಡಿಲ್ಲ, ಗುರುತಿನವರು ಹತ್ತಿರವಿಲ್ಲ. ಸೂಪರ್‌ವೈಸರ್ ಕಾಲರಿನ ಫೋಟೊ ಕಳಿಸಿದರು. ಕುಂಞಾಲಿ ‘ವಿ’ ಎಂದು ಓದಿದರು. ‘ವಿ’ ಎಂದರೆ ಅವರೂರಿನದೇ ಹುಡುಗ ಜಂಶೀರ್. ಅವನ ತಾಯಿ ಬೀಫಾತಿಮರಿಗೆ ಫೋನ್ ಮಾಡಿದ್ದೂ ಇವರೇ. ಸಂಜೆ ಜಂಶೀರ್ ಬಸ್ಸಿನಿಂದ ಇಳಿದ. ತೀರಿಕೊಂಡಿದ್ದು ‘ಮಿ’, ನೇಪಾಳದ ಲೋಕ್ ಬಹಾದೂರ್. ತೊಳೆದು ತೊಳೆದು ‘ಮಿ’ಯ ಬಾಲ ಅಳಿಸಿ ‘ವಿ’ಯಾಗಿತ್ತು.

“ಮೂರು ಗಂಟೆ ಒಬ್ಬಳು ತಾಯಿ ಮಗ ಇಲ್ಲ ಅಂತ ಅತ್ತಳು. ಆಚೆ ಇನ್ನೊಬ್ಬಳು ಮಗ ಉಂಟು ಅಂತ ಇದ್ದಳು. ಎರಡೂ ನನ್ನಿಂದ.”

ಕೇಳಬಾರದಿತ್ತು ಎನಿಸುತ್ತದೆ ನನಗೆ. ಅಂದಿನಿಂದ ಕುಂಞಾಲಿ ಪ್ರತಿ ಒಗೆತಕ್ಕೂ ಎಲ್ಲರ ಅಕ್ಷರ ತಿದ್ದುತ್ತಾರೆ. ಕೈಯಲ್ಲಿರುವುದು ಬಹಾದೂರನ ಇನ್ನೊಂದು ಕವರಾಲ್. ಅವನು ತೀರಿಕೊಂಡ ದಿನ ಒಗೆಯಲು ಬಿದ್ದಿತ್ತು.

ಬಟ್ಟೆ ಒಯ್ಯಲು ಬಂದ ಜಂಶೀರ್ ಕೇಳುತ್ತಾನೆ: “ಪಾರ್ಸೆಲ್ ಮಾಡಬಹುದಲ್ಲ ಕುಂಞಾಲಿಚ್ಚ?”

“ಪಾರ್ಸೆಲ್ ಹೋಗಿ ತಪ್ಪಾಯ್ತು ಅಂತ ಹೇಳ್ತದಾ?”

ಉಳ್ಳಾಲಕ್ಕೆ ಮರಳುವ ಮೊದಲು ಈ ಕವರಾಲ್ ಹಿಡಿದು ನೇಪಾಳಕ್ಕೆ, ಬಹಾದೂರನ ತಾಯಿಯ ಬಳಿಗೆ ಹೋಗುವುದೊಂದೇ ಈಗ ಅವರ ಆಸೆ. ಅಕ್ಷರವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.

“ಆ ತಾಯಿಗೆ ಓದಲಿಕ್ಕೆ ಬರುವುದಿಲ್ಲ, ಗೊತ್ತುಂಟು. ಆದರೂ ಬಾಲ ಸರಿ ಇರಬೇಕು.”